ಹಗುರ ಬೇಕು, ಸದ್ದು ಬೇಡ

ಪ್ರಶ್ನೆ: ಎರಡು ಕಿಲೋ ಒಳಗಿನ, ಫ್ಯಾನ್ ಸದ್ದು ಕಡಿಮೆ ಇರುವ ಗೇಮಿಂಗ್ ಲ್ಯಾಪ್‌ಟಾಪ್ ಬೇಕು. ಕೈಯಲ್ಲಿ ದುಡ್ಡು ಹೆಚ್ಚಿಲ್ಲ. ಏನು ನೋಡಿ ಕೊಳ್ಳಲಿ?

ಉತ್ತರ: ವೇಗದಲ್ಲಿ ಸ್ವಲ್ಪ ಬಿಟ್ಟುಕೊಡಿ. ಗ್ರಾಫಿಕ್ಸ್ ಚಿಪ್ಪಿನ ಹೆಸರಿಗಿಂತ ಅದಕ್ಕೆ ಕೊಟ್ಟಿರುವ ವ್ಯಾಟ್ ಮುಖ್ಯ. ಆರ್‌ಟಿಎಕ್ಸ್ 4050 ಚಿಪ್ಪನ್ನೇ ನೋಡಿ, ಲ್ಯಾಪ್‌ಟಾಪಿಗೆ ತಕ್ಕಂತೆ 35ರಿಂದ 115 ವ್ಯಾಟ್‌ವರೆಗೆ ಇರುತ್ತದೆ. ತೆಳು ಮೈಯಲ್ಲಿ 100 ವ್ಯಾಟ್ ತುರುಕಿದರೆ ಫ್ಯಾನ್ ಕಿರುಚದೆ ಇನ್ನೇನು ಮಾಡೀತು? ನಿಮಗೆ 60–75 ವ್ಯಾಟಿನದು ಸಾಕು. ಕೊಂಡ ಮೇಲೆ ಆಟದ ಫ್ರೇಮ್ ಮಿತಿಯನ್ನು, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಯನ್ನು, 60ಕ್ಕೆ ಇಡಿ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರ್ ಗರಿಷ್ಠ ಮಟ್ಟವನ್ನು ಶೇ. 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ (ಪ್ರೊಸೆಸರ್ ತಾನಾಗಿ ವೇಗ ಏರಿಸಿಕೊಳ್ಳುವುದು) ನಿಂತು ಬಿಸಿ ತಗ್ಗುತ್ತದೆ. 8 ಜಿಬಿಯ ಒಂದೇ ರ‍್ಯಾಮ್ ಇದ್ದರೆ ಆಟ ತಡವರಿಸೀತು. ಇನ್ನೊಂದಕ್ಕೆ ಜಾಗ ಇದೆಯೇ ಕೇಳಿ. ಅಂದಹಾಗೆ, ಹೇಳುವ ತೂಕದಲ್ಲಿ ಚಾರ್ಜರ್ ಸೇರಿರುವುದಿಲ್ಲ. ಅದೊಂದೇ ಅರ್ಧ ಕಿಲೋ ದಾಟಬಹುದು!