ಪೊಲಿಟಿಕಲ್ ಸೈನ್ಸ್ ಓದೋಕೆ ಹಾಕಿದ ದುಡ್ಡು ವಾಪಸ್ ಬರುತ್ತಾ?

ಪುಣೆಯ ಖಾಸಗಿ ಯೂನಿವರ್ಸಿಟಿ, ಮೂರು ವರ್ಷದ ಬಿ.ಎ. ಪೊಲಿಟಿಕಲ್ ಸೈನ್ಸ್, 6 ಲಕ್ಷ ಸಾಲ. ಹೀಗೆ ಸೇರಲು ಹೊರಟಿದ್ದೀರಿ, ಆಮೇಲೆ ಸರಾಸರಿ ಸಂಬಳ ಎಷ್ಟು ಅಂತ ಬರೆದು ಕೇಳಿದ್ದೀರಿ. ಅಯ್ಯೋ, ಇದು ನನ್ನದೇ ಕಥೆ, ಸಾಲದ ಮೊತ್ತ ಕೂಡ ಅಷ್ಟೇ!

ನಮ್ಮದು ಅಕ್ಕಲಕೋಟ ಕಡೆ. ಅಪ್ಪ ಪುಣೆ ಹತ್ತಿರದ ಭೋಸರಿಯ ವರ್ಕ್‌ಶಾಪಿನಲ್ಲಿ ಲೇತ್ ಮೇಲಿದ್ದರು. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ಮರಾಠಿ. ಹನ್ನೆರಡನೇ ಕ್ಲಾಸಿನಲ್ಲಿ ಒಳ್ಳೆ ಮಾರ್ಕ್ಸ್ ಬಂದಿತ್ತು. 1885ರ ಫರ್ಗ್ಯುಸನ್, 1916ರ ಎಸ್‌ಪಿ ಕಾಲೇಜು, ಎರಡೂ ಪುಣೆಯಲ್ಲೇ ಇವೆ. ಅಲ್ಲಿ ಸರ್ಕಾರಿ ಅನುದಾನದ ಬಿ.ಎ. ಸೀಟಿನ ಫೀಸು ಸಾವಿರಗಳ ಲೆಕ್ಕ, ಲಕ್ಷದ್ದಲ್ಲ. ನಾನು ಹೋಗಿದ್ದು ಖಾಸಗಿ ಯೂನಿವರ್ಸಿಟಿಯ ಗಾಜಿನ ಕಟ್ಟಡಕ್ಕೆ. ಅವರ ಬ್ರೋಷರಿನಲ್ಲಿ ‘ಪಬ್ಲಿಕ್ ಪಾಲಿಸಿಯಲ್ಲಿ ಕರಿಯರ್’ ಅಂತಿತ್ತು. ಹಾಗಂದರೇನು ಅಂತ ಅಪ್ಪನಿಗೆ ಗೊತ್ತಿರಲಿಲ್ಲ. ನನಗೂ.

ಬ್ಯಾಂಕಿನವರು ಹೇಳಿದ್ದು: ಕೋರ್ಸ್ ಮುಗಿದು ಒಂದು ವರ್ಷದ ತನಕ ಏನೂ ಕಟ್ಟಬೇಕಿಲ್ಲ. ನಾವು ಕೇಳಿಸಿಕೊಂಡಿದ್ದು: ಅಲ್ಲೀತನಕ ಬಡ್ಡಿ ಇಲ್ಲ. ಇಲ್ಲೇ ನಾವು ಬಿದ್ದದ್ದು, ಅದಕ್ಕೇ ಸ್ವಲ್ಪ ಎಳೆದು ಹೇಳುತ್ತೇನೆ. ವರ್ಷಕ್ಕೆ 2 ಲಕ್ಷದಂತೆ ಸಾಲ ಕೈಗೆ ಬರುತ್ತದೆ. ಬಡ್ಡಿ 11% ಅಂತಿಟ್ಟುಕೊಳ್ಳಿ. ಮೊದಲ ವರ್ಷ ತೆಗೆದ 2 ಲಕ್ಷದ ಮೇಲೆ ನಾಲ್ಕು ವರ್ಷ ಬಡ್ಡಿ ಓಡುತ್ತದೆ, 88,000 ಆಯಿತು. ಎರಡನೇ ಕಂತಿನ ಮೇಲೆ ಮೂರು ವರ್ಷ, 66,000. ಮೂರನೆಯದಕ್ಕೆ 44,000. ಒಟ್ಟು 1,98,000. ನೀವು ಒಂದು ರೂಪಾಯಿ ದುಡಿಯುವ ಮೊದಲೇ 6 ಲಕ್ಷ ಹೋಗಿ ಸುಮಾರು 8 ಲಕ್ಷ ಆಗಿರುತ್ತದೆ. ಬ್ಯಾಂಕಿನವರು ಈ ಬಡ್ಡಿಯನ್ನು ಅಸಲಿಗೆ ಸೇರಿಸಿ ತಿಂಗಳ ಕಂತಿನ ಲೆಕ್ಕ ಹಾಕುತ್ತಾರೆ. ಅಂದರೆ ಬಡ್ಡಿಯ ಮೇಲೂ ಬಡ್ಡಿ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 11,000, ಕೊನೆಗೆ ನೀವು ಕಟ್ಟಿದ್ದು 13 ಲಕ್ಷಕ್ಕೂ ಜಾಸ್ತಿ. ಬಡವರ ಮನೆಯ ಮಕ್ಕಳಿಗೆ ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ತುಂಬುವ ಸ್ಕೀಮು ಇತ್ತಲ್ಲ ಅಂತೀರಾ? ಅದು ಟೆಕ್ನಿಕಲ್, ಪ್ರೊಫೆಷನಲ್ ಕೋರ್ಸುಗಳಿಗೆ. ನಮ್ಮ ಬಿ.ಎ. ಆ ಪಟ್ಟಿಯಲ್ಲಿಲ್ಲ.

ಮೊದಲ ಕೆಲಸ ಸಿಕ್ಕಿದ್ದು ಚುನಾವಣೆ ಸರ್ವೆ ಮಾಡುವ ಕಡೆ. ಅರ್ಧಕ್ಕಿಂತ ಜಾಸ್ತಿ ಸಂಬಳ ಬ್ಯಾಂಕಿಗೇ ಹೋಗುತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಕಂತು ತಪ್ಪಬಾರದು ಅಂತ ಎಂ.ಎ.ಗೆ ಸೇರುವುದೇ ಮುಂದೆ ಹೋಯಿತು ನೋಡಿ, ಅದು ನುಂಗಿತು. ಈ ವಿಷಯದಲ್ಲಿ ಬರೀ ಬಿ.ಎ.ಗೆ ಬೆಲೆ ಕಡಿಮೆ. ಕಾಲೇಜಿನಲ್ಲಿ ಪಾಠ ಮಾಡಬೇಕಾದರೆ ಎಂ.ಎ.ಯಲ್ಲಿ 55% ಬೇಕು, ಮೇಲೆ ನೆಟ್ (ರಾಷ್ಟ್ರಮಟ್ಟದ್ದು) ಅಥವಾ ಸೆಟ್ (ರಾಜ್ಯಮಟ್ಟದ್ದು) ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಬೇಕು. ಗಾಜಿನ ಕಟ್ಟಡದ ಬಿ.ಎ.ಗೆ ಅಲ್ಲಿ ಯಾರೂ ಎಕ್ಸ್‌ಟ್ರಾ ಮಾರ್ಕ್ಸ್ ಕೊಡಲ್ಲ.

ಇನ್ನು ಸರಾಸರಿ ಸಂಬಳ. ದಯವಿಟ್ಟು ಅದನ್ನು ಕೇಳಬೇಡಿ, ಉಪಯೋಗವಿಲ್ಲದ ಲೆಕ್ಕ ಅದು. ಕಾಯಂ ಅಸಿಸ್ಟೆಂಟ್ ಪ್ರೊಫೆಸರ್ ಆದರೆ ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನವೇ 57,700. ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಕ್ಕಿದರೆ ಪಿಎಚ್‌ಡಿ ಮಾಡುವಾಗಲೇ ತಿಂಗಳಿಗೆ 37,000. ಅದೇ ಸ್ಟಾಫ್ ರೂಮಿನ ಪಕ್ಕದ ಕುರ್ಚಿಯಲ್ಲಿ ಸಿಎಚ್‌ಬಿ (ಕ್ಲಾಕ್ ಅವರ್ ಬೇಸಿಸ್, ಅಂದರೆ ಗಂಟೆ ಲೆಕ್ಕದ) ಮೇಷ್ಟ್ರು ಇರುತ್ತಾರೆ, ಮರಾಠಿಯವರು ‘ತಾಸಿಕಾ’ ಅನ್ನುವ ಲೆಕ್ಕದಲ್ಲಿ. ಪಿರಿಯಡ್ ತೆಗೆದುಕೊಂಡರೆ ದುಡ್ಡು, ರಜೆ ಬಂದರೆ ಇಲ್ಲ. ಇಬ್ಬರೂ ಪಾಸಾಗಿದ್ದು ಅದೇ ಸೆಟ್. ಇವರಿಬ್ಬರ ಸಂಬಳ ಕೂಡಿಸಿ ಎರಡರಿಂದ ಭಾಗಿಸಿದರೆ ನಿಮಗೇನು ತಿಳಿಯಿತು? ಆ ಸಂಬಳ ಪಡೆಯುವ ಮನುಷ್ಯನೇ ಇಲ್ಲ ಅಲ್ವಾ?

ಯುಪಿಎಸ್‌ಸಿಗೆ ಅನುಕೂಲ ಅಂತಲೂ ಬರೆದಿದ್ದೀರಿ. ಪೊಲಿಟಿಕಲ್ ಸೈನ್ಸನ್ನು ಆಪ್ಶನಲ್, ಅಂದರೆ ನಾವೇ ಆರಿಸಿಕೊಳ್ಳುವ ವಿಷಯವಾಗಿ ತೆಗೆದುಕೊಂಡರೆ ಎರಡು ಪೇಪರ್ ಸೇರಿ 500 ಅಂಕ, ನಿಜ. ಆದರೆ ಯಾವ ಡಿಗ್ರಿಯವರು ಬೇಕಾದರೂ ಅದನ್ನು ತೆಗೆದುಕೊಳ್ಳಬಹುದು. ಪುಣೆಯ ಸದಾಶಿವ ಪೇಠೆಯಲ್ಲಿ ಪರೀಕ್ಷೆಗೆ ಓದುವವರ ಕೋಣೆಗಳಿಗೆ ಹೋಗಿ ನೋಡಿ, ಸಂವಿಧಾನ ಬಾಯಿಪಾಠ ಮಾಡುತ್ತಿರುವ ಇಂಜಿನಿಯರುಗಳು ಬೇಕಾದಷ್ಟು ಸಿಗುತ್ತಾರೆ. ಅದಕ್ಕೋಸ್ಕರ 6 ಲಕ್ಷ ಸುಮ್ನೆ ಸುರಿಯಬೇಡಿ. ನೀವು ಬರೆದ ಕಾಲೇಜುಗಳ ಪಟ್ಟಿಯಲ್ಲಿರುವ ಪುಣೆಯ ಗೋಖಲೆ ಇನ್‌ಸ್ಟಿಟ್ಯೂಟ್ ಆಫ್ ಪಾಲಿಟಿಕ್ಸ್ ಅಂಡ್ ಎಕನಾಮಿಕ್ಸ್ ಹಳೆಯದು, ಒಳ್ಳೆಯದು, 1930ರದ್ದು. ಹೆಸರಿನಲ್ಲಿ ಪಾಲಿಟಿಕ್ಸ್ ಇದ್ದರೂ ಅದು ಮುಖ್ಯವಾಗಿ ಎಕನಾಮಿಕ್ಸ್ ಕಲಿಸುವ ಜಾಗ. ಫಾರ್ಮ್ ತುಂಬುವ ಮೊದಲು ನೋಡಿಕೊಳ್ಳಿ.

ಎಂ.ಎ. ತಡವಾಗಿ ಮುಗಿಸಿದೆ. ಈಗ ಗ್ರಾಮ ಪಂಚಾಯಿತಿಗಳ ಲೆಕ್ಕಪತ್ರ ಓದಿ ವರದಿ ಬರೆಯುವ ಕೆಲಸ. ಸೋಲಾಪುರದ ಮರಾಠಿ ಕಡತವನ್ನೂ ವಿಜಯಪುರದ ಕನ್ನಡ ಕಡತವನ್ನೂ ಮೂಲದಲ್ಲೇ ಓದಬಲ್ಲೆ, ಎಕ್ಸೆಲ್ ಬರುತ್ತದೆ ಅಂತ ತೆಗೆದುಕೊಂಡರು. ಯಾವ ಕಾಲೇಜು ಅಂತ ಇಂಟರ್‌ವ್ಯೂನಲ್ಲಿ ಕೇಳಲೂ ಇಲ್ಲ. ವಿಷಯ ಇಷ್ಟವಿದ್ದರೆ ಖಂಡಿತ ಓದಿ, ನನಗೆ ಈಗಲೂ ಇದೇ ಇಷ್ಟ. ಅನುದಾನದ ಕಾಲೇಜಿಗೆ ಸೇರಿ, ಜೊತೆಗೆ ಸ್ಟ್ಯಾಟಿಸ್ಟಿಕ್ಸ್ ಕಲಿಯಿರಿ, ಮರಾಠಿ ಓದಲು ಬರೆಯಲು ರೂಢಿ ಮಾಡಿಕೊಳ್ಳಿ. ಸಾಲ ಬೇಕೇ ಬೇಕು ಅಂತಾದರೆ ಎಂ.ಎ. ಹೊತ್ತಿಗೆ ನೋಡೋಣ. ಆಗಲೂ ಓದುತ್ತಿರುವಾಗಲೇ ತಿಂಗಳ ಬಡ್ಡಿಯನ್ನಾದರೂ ಕಟ್ಟಿಬಿಡಿ. ಹಾಗೆ ಕಟ್ಟಿದವರಿಗೆ ಬಡ್ಡಿಯಲ್ಲಿ 1% ಕಡಿಮೆ ಮಾಡುವ ಬ್ಯಾಂಕುಗಳಿವೆ. ಸಹಿ ಹಾಕುವ ಮೊದಲು ಕೇಳಿ, ಅವರಾಗಿ ಹೇಳಲ್ಲ.