ಓದುಗರ ಪ್ರಶ್ನೆ, ನಮ್ಮ ಉತ್ತರ: ಕೆನ್ ಗ್ರಿಫಿ ಜೂನಿಯರ್ ಕಳೆದುಕೊಂಡದ್ದೇನು?

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕದ ಸಿಯಾಟಲ್‌ಗೆ ಹೋಗಿದ್ದಾಗ, ಅಲ್ಲಿನ ಬೇಸ್‌ಬಾಲ್ ಕ್ರೀಡಾಂಗಣದ ಹೊರಗೆ ಕೆನ್ ಗ್ರಿಫಿ ಜೂನಿಯರ್ ಎಂಬ ಆಟಗಾರರ ಪ್ರತಿಮೆಯನ್ನು ನೋಡಿದೆ. ಗಾಯಗಳು ಕಾಡದಿದ್ದರೆ ಹೋಮ್‌ರನ್ (ಸಾಮಾನ್ಯವಾಗಿ ಚೆಂಡನ್ನು ಮೈದಾನದ ಗೋಡೆಯಾಚೆಗೆ ಹೊಡೆದು ರನ್ ಗಳಿಸುವುದು) ದಾಖಲೆ ಅವರದೇ ಆಗುತ್ತಿತ್ತು ಎಂದು ಅಳಿಯಂದಿರು ಹೇಳಿದರು. ಬ್ಯಾಟರ್‌ನಿಂದ ಅಷ್ಟು ದೂರ ನಿಂತು, ಕೈಗವಸು ತೊಟ್ಟು ಚೆಂಡು ಹಿಡಿಯುವ ಔಟ್‌ಫೀಲ್ಡರ್‌ಗೆ ಗಾಯವಾಗುವುದಾದರೂ ಹೇಗೆ? ಅಳಿಯಂದಿರ ಮಾತು ನಿಜವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆ ದೂರವೇ ಗಾಯಕ್ಕೆ ಮೂಲ. ಬೇಸ್‌ಬಾಲ್ ಮೈದಾನದ ಹೊರಭಾಗವನ್ನೆಲ್ಲ ಕಾಯುವವರು ಮೂವರೇ. ಅವರಲ್ಲಿ ನಡುವೆ ನಿಲ್ಲುವ ಸೆಂಟರ್ ಫೀಲ್ಡರ್‌ಗೆ ಎಲ್ಲರಿಗಿಂತ ಹೆಚ್ಚಿನ ಜಾಗ ಪಾಲಿಗೆ ಬರುತ್ತದೆ, ಅವನ ಬೆನ್ನ ಹಿಂದಿನ ಗೋಡೆ ಬ್ಯಾಟರ್‌ನಿಂದ ಸುಮಾರು 120 ಮೀಟರ್ ದೂರದಲ್ಲಿರುತ್ತದೆ. ಕ್ರಿಕೆಟ್‌ನಲ್ಲಿ ಬೌಂಡರಿ ಹಗ್ಗ ದಾಟಿದ ಮೇಲೂ ವೇಗ ತಗ್ಗಿಸಿಕೊಳ್ಳಲು ಒಂದಿಷ್ಟು ಜಾಗ ಸಿಗುತ್ತದೆ, ಇಲ್ಲಿ ಮೈದಾನ ಮುಗಿಯುವುದೇ ಗೋಡೆಯಲ್ಲಿ. ಗೋಡೆ ಹತ್ತಿರವಾಯಿತೆಂದು ಕಾಲಿಗೆ ತಿಳಿಯಲೆಂದು ಅದರ ಮುಂದೆ ಹುಲ್ಲಿಲ್ಲದ ಪಟ್ಟಿಯೊಂದನ್ನು ಬಿಟ್ಟಿರುತ್ತಾರೆ, ನಿಜ; ಆದರೆ ತಲೆಯ ಮೇಲಿನಿಂದ ಹೋಗುತ್ತಿರುವ ಚೆಂಡಿನ ಮೇಲೆ ಕಣ್ಣು ನೆಟ್ಟು ಪೂರ್ಣ ವೇಗದಲ್ಲಿ ಓಡುವವನಿಗೆ ಆ ಎಚ್ಚರಿಕೆ ಎರಡು ಮೂರು ಹೆಜ್ಜೆಗಳಷ್ಟು ಮಾತ್ರ.

1995ರ ಮೇ 26ರಂದು ಸಿಯಾಟಲ್‌ನ ಕಿಂಗ್‌ಡೋಮ್ ಒಳಾಂಗಣದಲ್ಲಿ ನಡೆದದ್ದು ಇದೇ. ಬಾಲ್ಟಿಮೋರ್ ತಂಡದ ಕೆವಿನ್ ಬಾಸ್ ಹೊಡೆದ ಚೆಂಡನ್ನು ಬೆನ್ನಟ್ಟಿದ ಗ್ರಿಫಿ ನೆಗೆದು ಹಿಡಿದರು, ಹಿಡಿದ ರಭಸಕ್ಕೇ ಗೋಡೆಗೆ ಅಪ್ಪಳಿಸಿದರು. ಅವರು ಎಡಗೈ ಆಟಗಾರರಾದ್ದರಿಂದ ಕೈಗವಸು ಬಲಗೈಯಲ್ಲಿತ್ತು. ಮೈಯನ್ನು ತಡೆಯಲು ಗೋಡೆಗೆ ಊರಿದ ಎಡಗೈಯ ಮಣಿಕಟ್ಟು ಮುರಿಯಿತು. ಚೆಂಡು ಮಾತ್ರ ಕೈಗವಸಿನಲ್ಲೇ ಉಳಿದಿತ್ತು. ಲೋಹದ ಪಟ್ಟಿ ಮತ್ತು ಸ್ಕ್ರೂಗಳನ್ನು ಹಾಕಿ ಮೂಳೆಯನ್ನು ಕೂಡಿಸಲಾಯಿತು, 73 ಪಂದ್ಯಗಳು ಕೈತಪ್ಪಿದವು. ಆಗಸ್ಟ್‌ನಲ್ಲಿ ಮರಳಿದ ಅವರು ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ವಿರುದ್ಧದ ಐದು ಪಂದ್ಯಗಳ ಸರಣಿಯಲ್ಲಿ ಐದು ಹೋಮ್‌ರನ್ ಬಾರಿಸಿದರು, ಕೊನೆಯ ಪಂದ್ಯದ 11ನೇ ಇನಿಂಗ್ಸ್‌ನಲ್ಲಿ ಮೊದಲ ಬೇಸ್‌ನಿಂದ (ರನ್ ಗಳಿಸಲು ಓಡಿ ಮುಟ್ಟಬೇಕಾದ ನಾಲ್ಕು ತಾಣಗಳಲ್ಲಿ ಮೊದಲನೆಯದು) ಒಂದೇ ಉಸಿರಿಗೆ ಓಡಿ ಬಂದು ಗೆಲುವಿನ ರನ್ ಗಳಿಸಿದರು. ಅಂದರೆ, ಮಣಿಕಟ್ಟು ಮುರಿದರೂ ಅವರ ಕಾಲುಗಳು ಆಗಿನ್ನೂ ಗಟ್ಟಿಯಾಗಿದ್ದವು.

ಕಾಲುಗಳು ಸೋಲತೊಡಗಿದ್ದು 2000ದಲ್ಲಿ ಸಿನ್ಸಿನಾಟಿ ರೆಡ್ಸ್ ತಂಡಕ್ಕೆ ಹೋದ ಮೇಲೆ. 2001ರಲ್ಲಿ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್, 2002ರಲ್ಲಿ ಮಂಡಿ, 2003ರಲ್ಲಿ ಚೆಂಡಿಗಾಗಿ ಹಾರಿದಾಗ ಕೀಲು ತಪ್ಪಿದ ಭುಜ ಮತ್ತು ಅದೇ ವರ್ಷ ಪಾದದ ಕೀಲು, 2004ರಲ್ಲಿ ಮತ್ತೆ ಹ್ಯಾಮ್‌ಸ್ಟ್ರಿಂಗ್. ಆ ನಾಲ್ಕು ವರ್ಷಗಳ 648 ಪಂದ್ಯಗಳಲ್ಲಿ ಅವರು ಆಡಿದ್ದು 317 ಮಾತ್ರ, ಹೊಡೆದ ಹೋಮ್‌ರನ್ 63.

ಇನ್ನು ಅಳಿಯಂದಿರ ಮಾತು. ಮೂವತ್ತು ತುಂಬುವ ಹೊತ್ತಿಗೆ ಗ್ರಿಫಿಯವರ ಖಾತೆಯಲ್ಲಿ 398 ಹೋಮ್‌ರನ್‌ಗಳಿದ್ದವು. ಹ್ಯಾಂಕ್ ಆ್ಯರನ್ ಅವರ ಆಗಿನ 755ರ ದಾಖಲೆಯನ್ನು ಮುರಿಯುವವರು ಇವರೇ ಎಂದು ಆಗ ಅನೇಕರು ನಂಬಿದ್ದರು. 2010ರ ಜೂನ್‌ನಲ್ಲಿ ನಿವೃತ್ತರಾದಾಗ ಮೊತ್ತ 630. 2001ರಿಂದ 2004ರವರೆಗೆ ತಪ್ಪಿದ 331 ಪಂದ್ಯಗಳಿಗೆ 2000ದ ದರವನ್ನು, ಅಂದರೆ 145 ಪಂದ್ಯಗಳಲ್ಲಿ 40ರ ದರವನ್ನು, ಅನ್ವಯಿಸಿದರೆ ಇನ್ನೂ 91 ಸೇರಿ 721 ಆಗುತ್ತದೆ. ಅವರ ಉಚ್ಛ್ರಾಯದ 1996–99ರ ದರ ಹಿಡಿದರೆ ಸುಮಾರು 742. ಮೂವತ್ತು ದಾಟಿದ ಮೇಲೂ ಆ ದರ ಉಳಿಯುತ್ತಿತ್ತು ಎನ್ನುವುದೇ ಧಾರಾಳದ ಲೆಕ್ಕ. ಹಾಗಾಗಿ ದಾಖಲೆಯ ಸಮೀಪಕ್ಕೆ ಖಂಡಿತ ಬರುತ್ತಿದ್ದರು ಎನ್ನಬಹುದೇ ಹೊರತು ಅದು ಅವರದೇ ಆಗುತ್ತಿತ್ತು ಎಂದು ಹೇಳಲಾಗದು.

ನನ್ನ ದೃಷ್ಟಿಯಲ್ಲಿ ದೊಡ್ಡ ನಷ್ಟ ಬೇರೆಯೇ. 1990ರಿಂದ 1999ರವರೆಗೆ ಸತತ ಹತ್ತು ವರ್ಷ ಅತ್ಯುತ್ತಮ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪಡೆದ ಆಟಗಾರನಿಗೆ ಆಮೇಲೆ ಅದು ಒಮ್ಮೆಯೂ ದಕ್ಕಲಿಲ್ಲ. 2007ರಲ್ಲಿ ಅವರು ಸೆಂಟರ್ ಫೀಲ್ಡ್ ಬಿಟ್ಟು ರೈಟ್ ಫೀಲ್ಡ್‌ಗೆ ಸರಿಯಬೇಕಾಯಿತು. ಬ್ಯಾಟ್ ಬೀಸುವ ಕೈಚಳಕ ಉಳಿದಿತ್ತು, ಗೋಡೆಯವರೆಗೆ ಓಡುವ ಕಾಲು ಉಳಿದಿರಲಿಲ್ಲ. ಹೋಮ್‌ರನ್‌ಗಳನ್ನಷ್ಟೇ ಎಣಿಸುವವರು ಈ ನಷ್ಟವನ್ನು ಮರೆಯುತ್ತಾರೆ ಎಂಬುದು ನನಗೆ ನೋವಿನ ಸಂಗತಿ. ಬೇಸ್‌ಬಾಲ್‌ನ ಶ್ರೇಷ್ಠರನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗೆ ಮತ ಹಾಕಿದವರು ಮರೆತಿರಲಿಲ್ಲ ಎಂದುಕೊಳ್ಳುತ್ತೇನೆ. 2016ರಲ್ಲಿ 440 ಮತಗಳಲ್ಲಿ 437 ಅವರಿಗೆ ಬಿದ್ದವು.

ಪ್ರಶ್ನೆ: ನಾನು ಕಾಲೇಜು ತಂಡದ ವೇಗದ ಬೌಲರ್. ಹ್ಯಾಮ್‌ಸ್ಟ್ರಿಂಗ್ ಗಾಯ ವಾಸಿಯಾಯಿತೆಂದು ಆಡಿದಾಗ ಮತ್ತೆ ಅಲ್ಲೇ ಹಿಡಿಯಿತು. ಗ್ರಿಫಿಯವರಿಗೂ ಹೀಗೆ ಮರುಕಳಿಸಿತ್ತೆಂದು ಓದಿದ್ದೇನೆ. ಕಾರಣವೇನು?
– ಓದುಗರೊಬ್ಬರು, ಹಾಸನ

ಉತ್ತರ: ಈ ಸ್ನಾಯುಗಳು ಕುಳಿತಾಗ ನೆಲಕ್ಕೆ ಊರುವ ಮೂಳೆಯಿಂದ ಹೊರಟು, ಸೊಂಟ ಮತ್ತು ಮಂಡಿ ಎರಡೂ ಕೀಲುಗಳನ್ನು ದಾಟಿ ಹೋಗುತ್ತವೆ. ವೇಗವಾಗಿ ಓಡುವಾಗ ಮುಂದಕ್ಕೆ ಚಾಚಿದ ಕಾಲು ನೆಲ ಮುಟ್ಟುವ ಮುನ್ನ, ಅವು ಹಿಗ್ಗುತ್ತಲೇ ಕಾಲನ್ನು ಹಿಡಿದು ನಿಲ್ಲಿಸಬೇಕು. ಹೆಚ್ಚಾಗಿ ಹರಿಯುವುದು ಆ ಕ್ಷಣದಲ್ಲೇ. ಔಟ್‌ಫೀಲ್ಡರ್ ಬಹಳ ಹೊತ್ತು ನಿಂತಲ್ಲೇ ನಿಂತು, ಚೆಂಡು ಬಂದೊಡನೆ ಒಮ್ಮೆಲೇ ಪೂರ್ಣ ವೇಗಕ್ಕೆ ಏರುವುದರಿಂದ ಅವನಿಗೆ ಅಪಾಯ ಇನ್ನೂ ಹೆಚ್ಚು. ಹಿಂದೆ ಒಮ್ಮೆ ಗಾಯವಾಗಿದ್ದರೆ ಮತ್ತೆ ಆಗುವ ಸಂಭವ ಹೆಚ್ಚು ಎಂಬುದರಲ್ಲಿ ಕ್ರೀಡಾ ವೈದ್ಯರಿಗೆ ಭಿನ್ನಾಭಿಪ್ರಾಯವಿಲ್ಲ: ನೋವು ಬೇಗ ಹೋಗುತ್ತದೆ, ಹಿಗ್ಗಿದ ಸ್ಥಿತಿಯಲ್ಲಿ ಭಾರ ತಡೆಯುವ ಶಕ್ತಿ ತಡವಾಗಿ ಮರಳುತ್ತದೆ. ನೀವು ನೋವು ಹೋದದ್ದನ್ನೇ ವಾಸಿಯಾದದ್ದೆಂದು ತಿಳಿದಿರಬಹುದು.

ಮಂಡಿಯೂರಿ, ಗೆಳೆಯನಿಂದ ಪಾದಗಳನ್ನು ಒತ್ತಿ ಹಿಡಿಸಿಕೊಂಡು, ಮೈಯನ್ನು ನಿಧಾನವಾಗಿ ಮುಂದಕ್ಕೆ ಬಾಗಿಸುವ ನಾರ್ಡಿಕ್ ವ್ಯಾಯಾಮ ಆ ಶಕ್ತಿಯನ್ನು ಬೆಳೆಸುತ್ತದೆ. ಫಿಸಿಯೋಥೆರಪಿಸ್ಟ್ ಒಬ್ಬರ ಎದುರಿನಲ್ಲೇ ಅದನ್ನು ಆರಂಭಿಸಿ. ಓಟದ ವೇಗವನ್ನು ವಾರದಿಂದ ವಾರಕ್ಕೆ ಏರಿಸಿ, ಪೂರ್ಣ ವೇಗದ ಓಟ ನಿರಾತಂಕವಾದ ಮೇಲಷ್ಟೇ ಬೌಲಿಂಗ್‌ಗೆ ಮರಳಿ.

2004ರಲ್ಲಿ ಗ್ರಿಫಿಯವರ ಹ್ಯಾಮ್‌ಸ್ಟ್ರಿಂಗ್ ಮೂಳೆಯಿಂದಲೇ ಕಿತ್ತು ಬಂದಿತ್ತು, ವೈದ್ಯರು ಅದನ್ನು ಸ್ಕ್ರೂಗಳಿಂದ ಮೂಳೆಗೆ ಮರಳಿ ಜೋಡಿಸಿದರು. ಮರುವರ್ಷ ಅವರು 128 ಪಂದ್ಯಗಳನ್ನಾಡಿ 35 ಹೋಮ್‌ರನ್ ಹೊಡೆದರು. ಓಡುವಾಗ ಪಟ್ಟೆಂದು ಸದ್ದಾಗಿ, ಪೃಷ್ಠದ ಕೆಳಗೆ ರಕ್ತ ಹೆಪ್ಪುಗಟ್ಟಿ, ಕುಳಿತುಕೊಳ್ಳಲೂ ಆಗದಷ್ಟು ನೋವಾದರೆ ಅಂಥ ಗಾಯವೇ ಇರಬಹುದು. ಆಗ ಎಣ್ಣೆ ತಿಕ್ಕಿಸುತ್ತ ದಿನ ದೂಡದೆ ಮೂಳೆತಜ್ಞರನ್ನು ಕಾಣಿ. ತಡವಾದಷ್ಟೂ ಕಿತ್ತುಬಂದ ಸ್ನಾಯುರಜ್ಜು ಹಿಂದೆ ಸರಿದು, ಅದನ್ನು ಜೋಡಿಸುವ ಶಸ್ತ್ರಚಿಕಿತ್ಸೆ ಕಠಿಣವಾಗುತ್ತದೆ.