ಬಿಯಾಸ್ ಜಗಳಕ್ಕಿಂತ ಮದ್ದುಗುಂಡಿನ ಲೆಕ್ಕ ದೊಡ್ಡದು

ಮಾನ್ಯರೇ,

1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ನಮ್ಮ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಜೆ. ಎನ್. ಚೌಧುರಿಯವರ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ಡೊಂಬಿವಲಿಯಿಂದ ಬರೆದಿದ್ದೀರಿ. ಆ ಯುದ್ಧದಲ್ಲಿ ಅವರು ಪಂಜಾಬಿನ ಬಿಯಾಸ್ ನದಿಯವರೆಗೆ ಹಿಂದೆ ಸರಿಯಲು ಹೊರಟಿದ್ದರು, ಗೆಲ್ಲುವ ಯುದ್ಧವನ್ನು ಬೇಗ ನಿಲ್ಲಿಸಿದರು, ನಿಮ್ಮ ಹಿರಿಯರ ಬೀದರಿನಲ್ಲಿ 1948ರಲ್ಲಿ ನಡೆದದ್ದಕ್ಕೆ ಹೊಣೆ ಹೊರಲಿಲ್ಲ ಎಂದಿದ್ದೀರಿ. ಇಂಥವರನ್ನು ‘ಗೋವಾ ಗೆದ್ದ ದಂಡನಾಯಕ’ ಎಂದು ಕರೆಯಬಹುದೇ ಎಂಬುದು ನಿಮ್ಮ ಪ್ರಶ್ನೆ.

ಬಿಯಾಸ್ ವಿಷಯ ಮೊದಲು. ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬ್ ಗಡಿಯ ಖೇಮಕರಣ್ ಕಡೆಯಿಂದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ನುಗ್ಗುತ್ತಿದ್ದವು. ನಮ್ಮ 4ನೇ ಮೌಂಟನ್ ಡಿವಿಜನ್ ಅಸಲ್ ಉತ್ತರ್‌ಗೆ ಸರಿದು, ಕುದುರೆ ಲಾಳದ ಆಕಾರದಲ್ಲಿ ನೆಲೆ ಹಾಕಿ, ಹೊಲಗಳಿಗೆ ನೀರು ಬಿಟ್ಟು ಕಾದಿತ್ತು. ಕೆಸರಿನಲ್ಲಿ ಸಿಕ್ಕ ಟ್ಯಾಂಕುಗಳು ಅಲ್ಲೇ ನಾಶವಾದವು. ಆ ಹೊತ್ತಿನಲ್ಲಿ ಮುಖ್ಯಸ್ಥರು ಬಿಯಾಸ್‌ಗೆ ಸರಿಯುವ ಮಾತೆತ್ತಿದರು, ತಾವು ಒಪ್ಪಲಿಲ್ಲ ಎಂದು ಪಶ್ಚಿಮ ಕಮಾಂಡಿನ ಲೆ. ಜ. ಹರಬಕ್ಷ್ ಸಿಂಗ್ ಮುಂದೆ ಬರೆದರು. ಸರಿದಿದ್ದರೆ ಅಮೃತಸರವೇ ಕೈತಪ್ಪಿ ಹೋಗುತ್ತಿತ್ತು, ಆದ್ದರಿಂದ ನಿಮ್ಮ ಕೋಪ ಅರ್ಥವಾಗುತ್ತದೆ. ಆದರೆ ಲಿಖಿತ ಆದೇಶ ಹೊರಡಲಿಲ್ಲ, ಸೇನೆ ಬಿಯಾಸ್‌ಗೆ ಸರಿಯಲೂ ಇಲ್ಲ. ಯುದ್ಧದ ನಡುವೆ ಕೆಟ್ಟ ಸಾಧ್ಯತೆಯನ್ನು ಬಾಯಿಬಿಟ್ಟು ಚರ್ಚಿಸುವುದು ಮುಖ್ಯಸ್ಥರ ಕೆಲಸವೂ ಹೌದು. ಇದೊಂದರ ಮೇಲೆ ಅವರನ್ನು ತೂಗಲು ನಾವು ಒಪ್ಪುವುದಿಲ್ಲ.

ತೂಗಬೇಕಾದದ್ದು ನಿಮ್ಮ ಎರಡನೆಯ ಆಕ್ಷೇಪ. ಕದನ ವಿರಾಮಕ್ಕೆ ಕೆಲವೇ ದಿನ ಮುಂಚೆ ಪ್ರಧಾನಿ ಶಾಸ್ತ್ರಿಯವರು, ಯುದ್ಧ ಮುಂದುವರಿದರೆ ಗೆಲುವು ಸಾಧ್ಯವೇ ಎಂದು ಕೇಳಿದರು. ಮುಂಚೂಣಿಯ ಮದ್ದುಗುಂಡು ಬಹುಪಾಲು ಮುಗಿದಿದೆ, ಟ್ಯಾಂಕುಗಳೂ ಬಹಳ ಹೋಗಿವೆ ಎಂಬ ಉತ್ತರ ಚೌಧುರಿಯವರಿಂದ ಬಂತು. ಆಮೇಲೆ ಲೆಕ್ಕ ಹಾಕಿದಾಗ ಖರ್ಚಾದದ್ದು ಶೇ. 14ರಷ್ಟೇ, ಟ್ಯಾಂಕುಗಳಲ್ಲೂ ನಮ್ಮದೇ ಮೇಲುಗೈ ಎಂದು ರಕ್ಷಣಾ ಇಲಾಖೆ ಬರೆಸಿದ ಯುದ್ಧ ಇತಿಹಾಸ ಹೇಳುತ್ತದೆ.

ಇಂಥ ತಪ್ಪಿಗೆ ದಾರಿ ಹೇಗಿರುತ್ತದೆ ನೋಡಿ. ಮದ್ದುಗುಂಡು ಒಂದೇ ರಾಶಿಯಲ್ಲಿ ಇರುವುದಿಲ್ಲ: ಸ್ವಲ್ಪ ತುಕಡಿಯ ಕೈಯಲ್ಲಿ, ಸ್ವಲ್ಪ ಹಿಂದಿನ ಲಾರಿಗಳಲ್ಲಿ, ಉಳಿದದ್ದು ಡಿಪೋಗಳಲ್ಲಿ. ಟ್ಯಾಂಕಿನ ಗುಂಡು ಒಂದು ಕಡೆ ತೀರಿದರೆ ಫಿರಂಗಿಯದ್ದು ಇನ್ನೊಂದು ಕಡೆ ಹೇರಳವಾಗಿರಬಹುದು. ತುಕಡಿಗೆ ಕೊಟ್ಟದ್ದೆಲ್ಲ ಹಾರಿಸಿದ್ದೇ ಎಂದೂ ಅಲ್ಲ. ಬಗೆಬಗೆಯ ಗುಂಡಿಗೆ ಬೇರೆ ಬೇರೆ ಪಟ್ಟಿ ಇಟ್ಟುಕೊಂಡು, ಡಿಪೋದ ದಾಸ್ತಾನು ಕೂಡಿಸಿದ ಮೇಲಷ್ಟೇ ‘ಇಷ್ಟು ದಿನ ಸಾಕು’ ಎನ್ನಬೇಕು. ಪ್ರಧಾನಿಗೆ ಬೇಕಿದ್ದದ್ದು ಆ ಒಂದು ಸಾಲು. ಯುದ್ಧ ನಿಂತದ್ದು ಈ ಮಾತೊಂದರಿಂದಲೇ ಅಲ್ಲ, ವಿಶ್ವಸಂಸ್ಥೆಯ ಒತ್ತಡವಿತ್ತು, ಚೀನಾದ ಎಚ್ಚರಿಕೆಯಿತ್ತು. ಆದರೂ ಈ ಹೊಣೆ ನೇರವಾಗಿ ಚೌಧುರಿಯವರದೇ.

ಬೀದರಿನ ವಿಷಯದಲ್ಲಿ ನೀವು ಹೇಳಿದ್ದರಲ್ಲಿ ಹೆಚ್ಚು ಸತ್ಯವಿದೆ. 1948ರ ಸೆಪ್ಟೆಂಬರ್ 13ರಂದು ಸೊಲ್ಲಾಪುರದಿಂದ ಹೊರಟ ಅವರ ಪಡೆ ಐದೇ ದಿನದಲ್ಲಿ ನಿಜಾಮನ ಹೈದರಾಬಾದ್ ಸಂಸ್ಥಾನವನ್ನು ವಶಕ್ಕೆ ತಂದಿತು. ನಿಜಾಮನ ಪರ ನಿಂತ ಸಶಸ್ತ್ರ ಗುಂಪು ರಜಾಕಾರರ ಹಾವಳಿ ನಿಂತಿತು. ನಂತರ ಮುಸ್ಲಿಮರ ಮೇಲೆ ನಡೆದ ಕೊಲೆ, ಲೂಟಿಯನ್ನು ನೆಹರೂ ಕಳಿಸಿದ ಸುಂದರಲಾಲ್ ಸಮಿತಿ ದಾಖಲಿಸಿತು. ಅದರ ಅಂದಾಜು 27,000ದಿಂದ 40,000 ಸಾವು. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರ್, ಗುಲ್ಬರ್ಗ, ಉಸ್ಮಾನಾಬಾದ್, ನಾಂದೇಡ್ ಇದ್ದವು, ಕೆಲವೆಡೆ ಸೈನಿಕರೂ ಪೊಲೀಸರೂ ಲೂಟಿಗೆ ಇಳಿದಿದ್ದರು. ಚೌಧುರಿಯವರಲ್ಲಿ ಮತದ್ವೇಷವಿರಲಿಲ್ಲ ಎಂದೂ ಅದೇ ಸಮಿತಿ ಹೇಳಿತು. ಆದರೆ ಅವರು ಆಗ ಹೈದರಾಬಾದಿನ ಮಿಲಿಟರಿ ಗವರ್ನರ್. ರಾಜಧಾನಿ ಹಿಡಿಯುವ ವೇಗ ಹಳ್ಳಿಗಳಿಗೆ ಕಾವಲು ಹಾಕುವಾಗ ಕಾಣಲಿಲ್ಲ. ವರದಿಯನ್ನು ದಶಕಗಳ ಕಾಲ ಮುಚ್ಚಿಟ್ಟದ್ದು ಸರ್ಕಾರಗಳ ತಪ್ಪು.

ಗೋವಾ? 1961ರ ಡಿಸೆಂಬರಿನಲ್ಲಿ ಅವರು ಪುಣೆಯಲ್ಲಿ ದಕ್ಷಿಣ ಕಮಾಂಡಿನ ಮುಖ್ಯಸ್ಥರು. ಕಾರ್ಯಾಚರಣೆ ಅವರ ಕಮಾಂಡಿನದು. ಮುಖ್ಯ ದಾಳಿ ಬೆಳಗಾವಿ ಕಡೆಯಿಂದ, ಮೇ. ಜ. ಕ್ಯಾಂಡೆತ್ ಅವರ 17ನೇ ಡಿವಿಜನ್ನಿಗೆ. ಪೋರ್ಚುಗೀಸರು ಸೇತುವೆ ಸ್ಫೋಟಿಸಿ ಆ ದಾರಿಯನ್ನು ನಿಧಾನ ಮಾಡಿದರು. ಉತ್ತರದಲ್ಲಿ ಪೂರಕ ಪಾತ್ರವಷ್ಟೇ ಇದ್ದ 50ನೇ ಪ್ಯಾರಾ ಬ್ರಿಗೇಡನ್ನು ಬ್ರಿಗೇಡಿಯರ್ ಸಗತ್ ಸಿಂಗ್ ಓಡಿಸಿಕೊಂಡು ಹೋಗಿ, 19ರ ಬೆಳಿಗ್ಗೆ ಮಾಂಡೋವಿ ನದಿ ದಾಟಿ ಪಣಜಿಗೆ ಇಳಿಸಿದರು. ಆದ್ದರಿಂದ ‘ಗೋವಾ ಗೆದ್ದವರು’ ಎಂಬ ಮಾತಿನ ಜೊತೆ ಚೌಧುರಿ, ಕ್ಯಾಂಡೆತ್, ಸಗತ್ ಸಿಂಗ್ ಮೂವರ ಹೆಸರೂ ಬರಬೇಕು. ಚೌಧುರಿಯವರ ಹೆಸರನ್ನು ತೆಗೆಯಲು ಮಾತ್ರ ನಮಗೆ ಕಾರಣ ಕಾಣದು.

— ಸಂ.